ಹೊರನಾಡು ಬಂದಾಗ ಪ್ರೋಗ್ರಾಂ ನಿಂತಿತು

ಕಳಸದ ಕಡೆ ಯಾವ ಕಾಫಿ ತೋಟದ ಮನೆಗೆ ಹೋದರೂ ಎರಡು ಪುಸ್ತಕ ಸಿಕ್ಕೇ ಸಿಗುತ್ತವೆ. ಒಂದು ಆಳುಗಳ ಹಾಜರಿಯ ಚೆಕ್‌ರೋಲ್, ಇನ್ನೊಂದು ಮಳೆ ಪುಸ್ತಕ. ಚೆಕ್‌ರೋಲ್ ರೈಟರ ಕೈಯಲ್ಲಿರುತ್ತದೆ. ಮಳೆ ಪುಸ್ತಕವನ್ನು ಮಾತ್ರ ಮನೆಯ ಯಜಮಾನರು ಸುಲಭಕ್ಕೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಇಂಚು–ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ. ನೂರು ಸೆಂಟ್ಸಿಗೆ ಒಂದು ಇಂಚು. ಹೂ ಮಳೆ ಯಾವತ್ತು ಬಿತ್ತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಸಮಯಕ್ಕೆ ಬಂತೋ ಇಲ್ಲವೋ, ಭದ್ರಾ ನದಿ ಏರಿ ಹೆಬ್ಬಾಳೆ ಸೇತುವೆ ಯಾವತ್ತು ಮುಳುಗಿತು, ಎಲ್ಲವೂ ಅದರಲ್ಲೇ.

ಬಿಸಿಎ ಓದುತ್ತಿರುವ ನನ್ನ ಅಣ್ಣನ ಮಗಳಿಗೆ ಅಜ್ಜಯ್ಯನ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಹಾಕುವ ಹುಮ್ಮಸ್ಸು ಬಂತು. ಸಂಸೆ, ಹೊರನಾಡು, ಮೂಡಿಗೆರೆಯ ನೆಂಟರ ಮನೆಗಳಿಂದಲೂ ಲೆಕ್ಕ ತರಿಸಿದಳು. ಎಲ್ಲವನ್ನೂ ಎಕ್ಸೆಲ್‌ಗೆ ಹೊಡೆದು, ಊರಿನ ಹೆಸರಲ್ಲೇ ಒಂದೊಂದು ಸಿಎಸ್‌ವಿ ಕಡತವಾಗಿ ಉಳಿಸಿ, ಊರಿಗೊಂದು ಮೊತ್ತ ತೆಗೆಯುವ ಪೈಥಾನ್ ಪ್ರೋಗ್ರಾಂ ಬರೆದಳು. ಕಾಲೇಜಿನ ಲ್ಯಾಬ್‌ನಲ್ಲಿದ್ದ ಉಬುಂಟು ಯಂತ್ರದಲ್ಲಿ ಅದು ಚೆನ್ನಾಗಿ ಓಡಿತು. ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮುಗ್ಗರಿಸಿತು. ಗೆಳತಿಯ ಹಳೆಯ ಮ್ಯಾಕ್‌ನಲ್ಲಿ ಓಡಿತು, ಆದರೆ ಹೊರನಾಡಿನ ಕಡತವೇ ಇಲ್ಲ ಎಂದಿತು. ಬೆಂಗಳೂರಿನಲ್ಲಿ ಕೆಲವು ವರ್ಷ ಇದೇ ಕಸುಬು ಮಾಡಿ ತೋಟಕ್ಕೆ ಮರಳಿದವನೆಂಬ ಕಾರಣಕ್ಕೆ ದೂರು ನನ್ನ ಬಳಿ ಬಂತು. “ಎಲ್ಲ ಕಡೆ ಒಂದೇ ಥರ ಓಡ್ತದೆ ಅಂತಲ್ವ ಚಿಕ್ಕಪ್ಪ ಪಾಠ ಮಾಡಿದ್ದು? ಮತ್ತೆ ಇದೆಂತದು?”

ಪ್ರಶ್ನೆ ನ್ಯಾಯವಾದದ್ದೇ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾ ಭಾಷೆಯನ್ನು ಹೊರತಂದಾಗ ‘ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ’ ಎಂಬುದೇ ಅದರ ಘೋಷಣೆಯಾಗಿತ್ತು. ಪ್ರೋಗ್ರಾಮರ್‌ಗಳು ಬೇಗನೆ ಅದನ್ನು ‘ಒಮ್ಮೆ ಬರೆಯಿರಿ, ಎಲ್ಲೆಲ್ಲೂ ತಪ್ಪು ಹುಡುಕಿ’ ಎಂದು ತಿರುಚಿ ನಕ್ಕರು. ಪೈಥಾನ್ ಹುಟ್ಟಿದ್ದು ಅದಕ್ಕೂ ಮೊದಲು, 1991ರಲ್ಲಿ. ಅದೂ ಮೂರೂ ಕಡೆ ಓಡುತ್ತದೆ. ಭಾಷೆ ಮೂರೂ ಕಡೆ ಒಂದೇ. ಆದರೆ ಕಡತ ಎಲ್ಲಿದೆ, ಅಕ್ಷರವನ್ನು ಹೇಗೆ ಓದಬೇಕು, ಸಾಲು ಎಲ್ಲಿ ಮುಗಿಯಿತು ಎಂಬಂಥ ಸಣ್ಣ ಸಣ್ಣ ವಿಷಯಗಳನ್ನು ಅದು ಕೇಳುವುದು ಆಪರೇಟಿಂಗ್ ಸಿಸ್ಟಮನ್ನು. ಅಲ್ಲಿ ಯಾರೋ ಯಾವತ್ತೋ ಒಂದು ಊಹೆ ಮಾಡಿಟ್ಟಿರುತ್ತಾರೆ. ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಆ ಊಹೆಗಳಿಗೆ, ತಮ್ಮ ತಪ್ಪಿಗಲ್ಲ. ಇದು ಅವರಿಗೆ ಗೊತ್ತಿರುವುದಿಲ್ಲ. ‘ನನಗೆ ಕೋಡಿಂಗ್ ಹಿಡಿಸೋದಿಲ್ಲ’ ಎಂದು ಕೈಬಿಡುತ್ತಾರೆ.

ಮೊದಲ ಎಡವು ಇನ್‌ಸ್ಟಾಲ್ ಮಾಡುವಾಗಲೇ. ವಿಂಡೋಸ್‌ನಲ್ಲಿ ಕಪ್ಪು ಪರದೆ ತೆರೆದು ‘ಪೈಥಾನ್’ ಎಂದು ಟೈಪ್ ಮಾಡಿದರೆ ಎಷ್ಟೋ ಸಲ ಪೈಥಾನ್ ಬದಲು ಮೈಕ್ರೋಸಾಫ್ಟ್ ಸ್ಟೋರ್ ಎದುರಿಗೆ ಬರುತ್ತದೆ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಆ ಹೆಸರಿನ ಒಂದು ಹುಸಿ ಕೊಂಡಿ ಇಟ್ಟಿದ್ದಾರೆ. ಇನ್‌ಸ್ಟಾಲ್ ಮಾಡುವಾಗ ಕೆಳಗೆ ಮೂಲೆಯಲ್ಲಿರುವ ‘ಪಾತ್‌ಗೆ ಸೇರಿಸು’ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ನಿಜವಾದ ಪೈಥಾನ್ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯದು, ಹುಸಿ ಕೊಂಡಿಯೇ ಓಗೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಪ್ ಎಕ್ಸಿಕ್ಯೂಷನ್ ಅಲಿಯಾಸ್’ ಹುಡುಕಿ ಅದನ್ನು ಆಫ್ ಮಾಡಬೇಕು. ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಸೇರಿಕೊಂಡು, ಪ್ಯಾಕೇಜು ಒಂದಕ್ಕೆ ಇಳಿದು ಪ್ರೋಗ್ರಾಂ ಇನ್ನೊಂದರಲ್ಲಿ ಓಡುವುದೂ ಮಾಮೂಲು. ‘ವೇರ್ ಪೈಥಾನ್’ ಎಂದು ಕೇಳಿದರೆ ಯಾವುದೆಲ್ಲ ಎಲ್ಲೆಲ್ಲಿದೆ ಎಂದು ಕಮಾಂಡ್ ಪ್ರಾಂಪ್ಟ್ ಹೇಳುತ್ತದೆ. ಪವರ್‌ಶೆಲ್‌ನಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿರುವುದರಿಂದ ಅದು ಸುಮ್ಮನಿರುತ್ತದೆ.

ಇದೆಲ್ಲ ಹೊಸ ಕಾಟ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ ಪಿಯು ತರಗತಿಗಳಲ್ಲಿ ಬಹುಕಾಲ ಸಿ++ ಕಲಿಸಿದ್ದು, ಎಷ್ಟೋ ಕಾಲೇಜುಗಳಲ್ಲಿ, ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ++ ಮೇಲೆ. ಅದು ಡಾಸ್ ಕಾಲದ 16 ಬಿಟ್ ಸರಕು, 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೇ ಇಲ್ಲ. ಹಾಗಾಗಿ ಡಾಸ್‌ಬಾಕ್ಸ್ ಎಂಬ ನಕಲಿ ಡಾಸ್‌ನೊಳಗೆ ಅದನ್ನು ಕೂರಿಸಿ ಪಾಠ ಮಾಡಿದರು. 1998ರಲ್ಲಿ ಸಿ++ಗೆ ಅಂತರರಾಷ್ಟ್ರೀಯ ಮಾನಕ ಬಂದ ಮೇಲೂ ಮಕ್ಕಳು ‘ಕೊನಿಯೋ ಡಾಟ್ ಎಚ್’ ಸೇರಿಸಿ, ಪರದೆ ಒರೆಸಲು ‘ಕ್ಲಿಯರ್‌ಸ್ಕ್ರೀನ್’ ಬರೆದು ಅಂಕ ಪಡೆದರು. ಪಿಯುನಲ್ಲಿ ನೂರಕ್ಕೆ ನೂರು ತೆಗೆದವರು ಇಂಜಿನಿಯರಿಂಗ್‌ಗೆ ಹೋಗಿ ಅದೇ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಕಂಪೈಲ್ ಆಗದೆ ಕಂಗಾಲಾದ ಕಥೆ ನನ್ನ ತಲೆಮಾರಿನ ಎಲ್ಲರಿಗೂ ಗೊತ್ತು.

ಈಗ ಅವಳ ಪ್ರೋಗ್ರಾಮಿಗೆ ಬರೋಣ. ವಿಂಡೋಸ್‌ನಲ್ಲಿ ಅದು ಮಾಡುತ್ತಿದ್ದುದು ವಿಚಿತ್ರವಾಗಿತ್ತು. ಕಡತಗಳಲ್ಲಿ ಕಳಸ, ಸಂಸೆ, ಮೂಡಿಗೆರೆ ಮಾತ್ರ ಇದ್ದಾಗ ಅದು ತಕರಾರಿಲ್ಲದೆ ಓಡುತ್ತಿತ್ತು. ಊರಿನ ಹೆಸರಿನ ಜಾಗದಲ್ಲಿ ಏನೋ ಕಾಗೆ ಕಾಲು ಗುಬ್ಬಿ ಕಾಲು, ಮೊತ್ತ ಮಾತ್ರ ಸರಿ. ಹೊರನಾಡಿನ ಒಂದು ಸಾಲು ಸೇರಿಸಿದ ಕೂಡಲೇ ಕೆಂಪು ಅಕ್ಷರಗಳ ರಾಶಿ ಸುರಿದು ಎಲ್ಲವೂ ನಿಲ್ಲುತ್ತಿತ್ತು. “ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹರಕೆ ಹೊತ್ತುಕೊಳ್ಳಬೇಕಾ ಎಂತದು!” ಎಂದು ಅತ್ತಿಗೆ ಒಳಗಿಂದ ಕೂಗಿದರು.

ಹರಕೆ ಬೇಕಿರಲಿಲ್ಲ. ಪೈಥಾನ್ ಕೊಡುವ ದೋಷ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಖ್ಯ ಮಾತು ಕೊನೆಯ ಸಾಲಿನಲ್ಲಿರುತ್ತದೆ. ಅಲ್ಲಿ ‘ಚಾರ್‌ಮ್ಯಾಪ್’ ಎಂಬ ಪದವಿತ್ತು, 81 ಎಂಬ ಬೈಟನ್ನು ಓದಲಾಗಲಿಲ್ಲ ಎಂದಿತ್ತು. ಇಷ್ಟು ಸಾಕು. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ. ಯುಟಿಎಫ್-8 ಪದ್ಧತಿಯಲ್ಲಿ ಕಡತಕ್ಕೆ ಇಳಿಸುವಾಗ ಅಂಥ ಒಂದೊಂದಕ್ಕೂ ಮೂರು ಬೈಟ್. ಈ ಪದ್ಧತಿಯನ್ನು ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನ ಹಾಸುಕಾಗದದ ಮೇಲೆ ಗೀಚಿ ರೂಪಿಸಿದರು. ‘ಕಳಸ’ ಎಂದರೆ ಒಂಬತ್ತು ಬೈಟ್: ಕ–ಕ್ಕೆ ಇ0, ಬಿ2, 95, ಳ–ಕ್ಕೆ ಇ0, ಬಿ2, ಬಿ3, ಸ–ಕ್ಕೆ ಇ0, ಬಿ2, ಬಿ8. ಇವು ಹದಿನಾರರ ಎಣಿಕೆಯವು.

ಇಂಗ್ಲಿಷ್ ವಿಂಡೋಸ್‌ನಲ್ಲಿ ಪೈಥಾನ್‌ಗೆ ಯಾವ ಪದ್ಧತಿಯಲ್ಲಿ ಓದಬೇಕೆಂದು ಹೇಳದಿದ್ದರೆ ಅದು ಯಂತ್ರದ ಹಳೆಯ ಕೋಡ್ ಪೇಜ್ 1252ನ್ನು ಹಿಡಿಯುತ್ತದೆ. ಅದು ಪಶ್ಚಿಮ ಯುರೋಪಿನ ಅಕ್ಷರಗಳ ಪಟ್ಟಿ. ಅಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. ಹಾಗಾಗಿ ನಮ್ಮ ಕ–ಕಾರ ಅಲ್ಲಿ ತಲೆಯ ಮೇಲೆ ಓರೆ ಗೀಟಿರುವ ಫ್ರೆಂಚರ ‘ಎ’, ಅದರ ಪಕ್ಕ ಪುಟ್ಟ 2, ಆಮೇಲೊಂದು ದಪ್ಪ ಚುಕ್ಕೆ ಎಂದು ಮೂರು ತುಂಡಾಗುತ್ತದೆ. ಕಳಸ, ಸಂಸೆ, ಮೂಡಿಗೆರೆಯ ಎಲ್ಲ ಬೈಟ್‌ಗಳಿಗೂ ಆ ಪಟ್ಟಿಯಲ್ಲಿ ಏನಾದರೊಂದು ಗುರುತು ಇದೆ, ಹಾಗಾಗಿ ತಪ್ಪಾಗಿಯಾದರೂ ಓದಿ ಮುಗಿಸುತ್ತದೆ. ಆದರೆ ಆ ಪಟ್ಟಿಯಲ್ಲಿ ಐದು ಮನೆ ಖಾಲಿ: 81, 8ಡಿ, 8ಎಫ್, 90, 9ಡಿ. ಕನ್ನಡದ ಉ–ಕಾರದ ಕೊಂಬಿನ ಕೊನೆಯ ಬೈಟ್ 81. ಹೊರನಾಡು ‘ಡು’ ಎಂದು ಮುಗಿಯುತ್ತದಲ್ಲ, ಅಲ್ಲೇ ಎಡವಿದ್ದು. ಕುದುರೆಮುಖ ಬರೆದಿದ್ದರೂ ನಿಲ್ಲುತ್ತಿತ್ತು. ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯ ಕೊನೆಯ ಬೈಟ್ 8ಡಿ, ಆದ್ದರಿಂದ ಕೊಪ್ಪ, ಹೆಬ್ಬಾಳೆ, ಕೊಟ್ಟಿಗೆಹಾರಗಳಿಗೂ ಅದೇ ಗತಿ.

ಇದರಲ್ಲಿ ಯಾವುದು ಹೆಚ್ಚು ಅಪಾಯ? ನನ್ನ ಮಟ್ಟಿಗೆ ಹೊರನಾಡಲ್ಲ, ಕಳಸ. ನಿಂತುಹೋದ ಪ್ರೋಗ್ರಾಂ ‘ಇಲ್ಲಿ ಏನೋ ಕೆಟ್ಟಿದೆ’ ಎಂದು ಬಾಯಿಬಿಟ್ಟು ಹೇಳುತ್ತದೆ. ತೆಪ್ಪಗೆ ಓಡಿದ್ದು ಕೆಟ್ಟ ಹೆಸರುಗಳನ್ನು ಹಾಗೆಯೇ ಇನ್ನೊಂದು ಕಡತಕ್ಕೆ ಬರೆದಿಟ್ಟು, ಮೂರು ತಿಂಗಳ ಮೇಲೆ ಯಾರಿಗೋ ತಲೆನೋವು ತರುತ್ತದೆ.

ಮದ್ದು ಒಂದೇ ಪದದ್ದು. ಕಡತ ತೆರೆಯುವ ಆದೇಶದಲ್ಲಿ ‘ಎನ್‌ಕೋಡಿಂಗ್’ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿದರೆ ಮುಗಿಯಿತು. ಪೈಥಾನ್ 3.7ರಿಂದ ಈಚೆಗೆ ಯಂತ್ರಕ್ಕೇ ಒಂದು ಸೂಚನೆ ಕೊಟ್ಟು ಎಲ್ಲ ಪ್ರೋಗ್ರಾಮಿಗೂ ಇದನ್ನು ಅನ್ವಯಿಸಬಹುದು. ಜಾವಾ 2022ರಲ್ಲಿ, 18ನೇ ಆವೃತ್ತಿಯಲ್ಲಿ, ಎಲ್ಲೆಡೆ ಯುಟಿಎಫ್-8 ಅನ್ನೇ ಮೂಲವಾಗಿ ಹಿಡಿಯಿತು. ಪೈಥಾನ್ ತನ್ನ 3.15ರಿಂದ ಹಾಗೆ ಮಾಡುವುದೆಂದು ತೀರ್ಮಾನಿಸಿದೆ. ‘ಎಲ್ಲಿ ಬೇಕಾದರೂ ಓಡಿಸಿ’ ಎಂದವರಿಗೆ ಇಷ್ಟಕ್ಕೆ 27 ವರ್ಷ ಹಿಡಿಯಿತು. ಲ್ಯಾಬ್‌ನ ಉಬುಂಟುವಿನಲ್ಲಿ ಈ ಕಾಟವೇ ಬರಲಿಲ್ಲ, ಏಕೆಂದರೆ ಅಲ್ಲಿ ಬಹುಕಾಲದಿಂದ ಯುಟಿಎಫ್-8. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳ ಸರ್ಕಾರದ ಐಟಿ ಶಿಕ್ಷಣ ನಡೆಯುವುದು ಉಬುಂಟು ಆಧಾರಿತ ಲಿನಕ್ಸ್‌ನಲ್ಲೇ. ಈ ಒಂದು ವಿಷಯದಲ್ಲಿ ಅಲ್ಲಿನ ಕನ್ನಡದ ಮಕ್ಕಳು ನಮ್ಮವರಿಗಿಂತ ಪುಣ್ಯವಂತರು.

ಕನ್ನಡ ಕೆಟ್ಟು ಕಾಣುವುದರಲ್ಲೂ ಬಗೆಗಳಿವೆ, ಒಂದೊಂದರ ಕಾರಣವೂ ಬೇರೆ. ಫ್ರೆಂಚ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಓದಿದ ರೀತಿ ತಪ್ಪು, ಮೂಲ ಕಡತ ಸರಿ ಇದೆ. ಬರೀ ಚೌಕ ಚೌಕ ಡಬ್ಬಿ ಕಂಡರೆ ಅಕ್ಷರಗಳೂ ಸರಿ, ಓದಿದ್ದೂ ಸರಿ, ಆ ಕಪ್ಪು ಪರದೆಯಲ್ಲಿ ಕನ್ನಡದ ಫಾಂಟ್ ಇಲ್ಲ ಅಷ್ಟೆ. ಅದೇ ಫಲಿತಾಂಶವನ್ನು ಕಡತಕ್ಕೆ ಬರೆಸಿ ನೋಟ್‌ಪ್ಯಾಡ್‌ನಲ್ಲೋ ಬ್ರೌಸರ್‌ನಲ್ಲೋ ತೆರೆದರೆ ಕನ್ನಡ ನೆಟ್ಟಗೆ ಕಾಣುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೆ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಎಂಬ ಫಾಂಟ್ ಯಂತ್ರದೊಂದಿಗೇ ಬರುತ್ತದೆ, ಆದರೆ ಹಳೆಯ ಕಮಾಂಡ್ ಪರದೆಗೆ ನಮ್ಮ ಒತ್ತು, ಗುಣಿತಗಳನ್ನು ಜೋಡಿಸಲು ಬಾರದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಗಾಬರಿಪಡಬೇಕು. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡದ ಒಂದೊಂದು ಅಕ್ಷರವೂ ಪ್ರಶ್ನೆ ಚಿಹ್ನೆಯಾಗಿ ಕಡತಕ್ಕೆ ಇಳಿಯುತ್ತದೆ, ಮೂಲ ಅಲ್ಲಿಗೆ ಹೋಯಿತು, ಯಾವ ಪಂಡಿತ ಬಂದರೂ ಹಿಂದಕ್ಕೆ ತರಲಾಗದು. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ಆಗಲೂ ಎಕ್ಸೆಲ್ ಕಡತದ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಸುತ್ತದೆ, ಮೊದಲ ಕಾಲಂ ಹೆಸರು ಪ್ರೋಗ್ರಾಮಿಗೆ ಸಿಗುವುದಿಲ್ಲ. ‘ಯುಟಿಎಫ್-8-ಸಿಗ್’ ಎಂದು ಓದಿದರೆ ಅದೂ ತೊಲಗುತ್ತದೆ.

ಎಕ್ಸೆಲ್‌ನ ಇನ್ನೊಂದು ಉಪಕಾರ ಹೇಳದೆ ಮುಂದೆ ಹೋಗಲಾರೆ. ನಮ್ಮವರು ಒಂದು ಇಂಚು ಐದು ಸೆಂಟ್ಸ್ ಮಳೆಯನ್ನು 1-05 ಎಂದು ಬರೆಯುವುದುಂಟು. ಎಕ್ಸೆಲ್ ಅದನ್ನು ತಾರೀಖು ಎಂದುಕೊಂಡಿತು. ಭಾರತದ ಪದ್ಧತಿ ಹಾಕಿದ ಯಂತ್ರದಲ್ಲಿ ಮೇ 1, ಅಮೆರಿಕದ ಪದ್ಧತಿಯ ಯಂತ್ರದಲ್ಲಿ ಜನವರಿ 5! ಇದು ಜಗತ್ತನ್ನೇ ಕಾಡಿದ ಕಾಟ. ‘ಮಾರ್ಚ್1’, ‘ಸೆಪ್ಟ್1’ ಎಂಬ ಸಂಕೇತನಾಮದ ಜೀನುಗಳನ್ನು ಎಕ್ಸೆಲ್ ತಾರೀಖು ಮಾಡಿ ಮಾಡಿ ಎಷ್ಟೋ ಸಂಶೋಧನಾ ಲೇಖನಗಳು ಕೆಟ್ಟು, ಕೊನೆಗೆ 2020ರ ಹೊತ್ತಿಗೆ ಮನುಷ್ಯನ ಜೀನುಗಳಿಗೆ ಹೆಸರಿಡುವ ಸಮಿತಿಯೇ ಆ ಜೀನುಗಳ ಹೆಸರು ಬದಲಿಸಿತು. ಸಮಿತಿಗಿಂತ ಎಕ್ಸೆಲ್ ದೊಡ್ಡದು! ಟೈಪ್ ಮಾಡುವ ಮೊದಲೇ ಆ ಕಾಲಂಗೆ ‘ಟೆಕ್ಸ್ಟ್’ ಎಂದು ಹೇಳಿಬಿಟ್ಟರೆ ಮಳೆ ಮಳೆಯಾಗಿಯೇ ಉಳಿಯುತ್ತದೆ.

ಗೆಳತಿಯ ಮ್ಯಾಕ್ ಹೊರನಾಡನ್ನು ಗುರುತಿಸದಿದ್ದುದಕ್ಕೆ ಕಾರಣ ಬೇರೆಯೇ. ‘ಹೊ’ ಬರೆಯಲು ಯುನಿಕೋಡ್‌ನಲ್ಲಿ ಎರಡು ದಾರಿ ಇವೆ: ಹ–ಕಾರಕ್ಕೆ ಒ–ಕಾರದ ಒಂದೇ ಚಿಹ್ನೆ ಹಚ್ಚುವುದು, ಇಲ್ಲವೇ ಎ–ಕಾರದ ಎತ್ವ ಮತ್ತು ಊ–ಕಾರದ ಕೊಂಬು ಎರಡನ್ನೂ ಒಂದರ ಪಕ್ಕ ಒಂದು ಇಡುವುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಕಡತ ವ್ಯವಸ್ಥೆ ಹೆಸರುಗಳನ್ನೆಲ್ಲ ಬಿಡಿಸಿ, ಎರಡನೆಯ ರೀತಿಯಲ್ಲೇ ಇಟ್ಟುಕೊಳ್ಳುತ್ತಿತ್ತು. ಪ್ರೋಗ್ರಾಮಿನೊಳಗೆ ಟೈಪ್ ಮಾಡಿದ ‘ಹೊರನಾಡು’ ಏಳು ಸಂಕೇತದ್ದು, ಡಿಸ್ಕಿನಿಂದ ಬಂದ ಕಡತದ ಹೆಸರು ಎಂಟು ಸಂಕೇತದ್ದು. ಹೋಲಿಸಿ ನೋಡಿದ ಯಂತ್ರ ‘ಬೇರೆ ಬೇರೆ’ ಎಂದಿತು. ಬಾಳೆಹೊಳೆ, ಕೊಪ್ಪಗಳಿಗೂ ಇದೇ ಪಾಡು. ಕಳಸಕ್ಕೆ ಗುಣಿತವೇ ಇಲ್ಲದ್ದರಿಂದ ಅದು ಪಾರು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್‌ನಲ್ಲೇ ಇದೆ, ಬಳಸಬೇಕು ಅಷ್ಟೆ. ಇಂಗ್ಲಿಷ್ ಕಡತನಾಮದಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದವನ್ನು ವಿಂಡೋಸ್ ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ಸಾಲು ಮುಗಿಯಿತೆನ್ನಲು ವಿಂಡೋಸ್ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದು. ಇಂಥವು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ. ಹೊರನಾಡಿನದು ಸಿಗುವುದಿಲ್ಲ.

ಎಲ್ಲವೂ ದೂರೇ ಅಲ್ಲ. ಅಜ್ಜಯ್ಯನ ಮಳೆ ಪುಸ್ತಕದ ಹಳೆಯ ಪುಟಗಳಲ್ಲಿ ಮಳೆಯ ಅಂಕಿಗಳೆಲ್ಲ ಕನ್ನಡದವು. ಎನ್‌ಕೋಡಿಂಗ್ ಸರಿಯಾದ ಮೇಲೆ ಅವಳು ಅವನ್ನೂ ಹಾಗೆಯೇ ಟೈಪ್ ಮಾಡಿದಳು, ಪೈಥಾನ್ ೧೨ನ್ನು ಹನ್ನೆರಡು ಎಂದೇ ಓದಿ ಕೂಡಿಸಿತು. ದಶಮಾಂಶ ಬಿಂದುವಿದ್ದರೂ ಸರಿಯೇ. ಜಾವಾ ಕೂಡ ಕನ್ನಡ ಅಂಕಿಯ ಪೂರ್ಣಾಂಕ ಓದುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಪೈಥಾನ್‌ನಲ್ಲಿ ‘ಮಳೆ’ ಎಂದು ಕನ್ನಡದಲ್ಲೇ ಚರಾಂಶಕ್ಕೆ ಹೆಸರಿಡಬಹುದು. ಆದರೆ ‘ಏಪ್ರಿಲ್‌ಮಳೆ’ ಎಂದಿಟ್ಟರೆ ತಕರಾರು. ಲ್‌ ಮತ್ತು ಮ ಒತ್ತಾಗಿ ಸೇರದಂತೆ ನಡುವೆ ಹಾಕುವ ಕಾಣದ ಗುರುತನ್ನು ಅದು ಒಪ್ಪುವುದಿಲ್ಲ. ಅಡಿಗೆರೆ ಹಾಕಿ ಬಿಡಿಸಿ ಬರೆಯಬೇಕು.

ಕನ್ನಡ ಮತ್ತು ಕಂಪ್ಯೂಟರಿನ ಈ ಗುದ್ದಾಟ ನಮ್ಮ ಮಲೆನಾಡಿಗೆ ಹೊಸದೇನಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಬಂದ ಕಾಲಕ್ಕೆ ಮೂಡಿಗೆರೆಯ ತೋಟದಲ್ಲಿ ಕುಳಿತ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಬಗ್ಗೆ ಹಟ ಹಿಡಿದು ಮಾತಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅಂದಿನ ಜಗಳ ಅಕ್ಷರ ಮೂಡಿಸುವುದರ ಬಗ್ಗೆ. ಅದು ಬಹುಮಟ್ಟಿಗೆ ಮುಗಿಯಿತು. ಆ ಕಾಲದ ಆಸ್ಕಿ ಫಾಂಟಿನಲ್ಲಿ ಟೈಪಾದ ಕಡತ ಸಿಕ್ಕರೆ ಇವತ್ತಿಗೂ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಪ್ರೋಗ್ರಾಂ ಕಣ್ಣಿಗೆ ಅದು ಕನ್ನಡವೇ ಅಲ್ಲ.

ಮಳೆ ಲೆಕ್ಕದ ಮೊತ್ತ ಸರಿಯಾದ ಮೇಲೆ ಹುಡುಗಿಗೆ ಅದನ್ನು ಮೊಬೈಲ್ ಆಪ್ ಮಾಡುವ ಆಸೆ. ಆಂಡ್ರಾಯ್ಡ್ ಸ್ಟುಡಿಯೋ ಇಳಿಸಿದಳು. ಒಂದು ಜಿಬಿಗೂ ಮೀರಿದ ಸರಕು, ಅದೂ ಜುಲೈ ತಿಂಗಳಲ್ಲಿ! ಗಾಳಿಗೆ ಮರ ಬಿದ್ದರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲದೆ ಹೊತ್ತು ಕಳೆದರೆ ಟವರ್ ಇಲ್ಲ. ಮುಖ್ಯ ತಂತ್ರಾಂಶ ಇಳಿದ ಮೇಲೂ ಅದರ ಗ್ರೇಡಲ್ ಎಂಬ ಸಹಾಯಕ ತನಗೆ ಬೇಕಾದ್ದನ್ನು ತಾನೇ ಇಳಿಸಿಕೊಳ್ಳಲು ಹೊರಡುತ್ತದೆ. ಅರ್ಧಕ್ಕೆ ಸಂಪರ್ಕ ಕಡಿದರೆ ಅರೆಬರೆ ಜಿಪ್ ಕಡತ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲದಿಂದ ‘ಜಿಪ್ ಎಂಡ್ ಹೆಡರ್ ನಾಟ್ ಫೌಂಡ್’ ಎಂದು ಹಟ ಹಿಡಿಯುತ್ತದೆ. ಇಡೀ ಸ್ಟುಡಿಯೋ ತೆಗೆದು ಹೊಸದಾಗಿ ಹಾಕಿದರೂ ಆ ತುಂಡು ಹೋಗುವುದಿಲ್ಲ. ಬಳಕೆದಾರರ ಫೋಲ್ಡರಿನೊಳಗೆ ಚುಕ್ಕೆಯಿಂದ ಶುರುವಾಗುವ ಗ್ರೇಡಲ್ ಫೋಲ್ಡರಿದೆ, ಅದರಲ್ಲಿ ‘ರ‍್ಯಾಪರ್’ ಎಂಬುದರ ಒಳಗೆ ಅರೆಬರೆ ಇಳಿದ ಆವೃತ್ತಿಯನ್ನು ಹುಡುಕಿ ಅಳಿಸಿದರೆ ಸಾಕು.

ಅಷ್ಟಾದ ಮೇಲೂ ಪ್ರಾಜೆಕ್ಟ್ ಕಟ್ಟಲಿಲ್ಲ. ಅವಳು ಫೋಲ್ಡರಿಗೆ ‘ಕಳಸ ಮಳೆ’ ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದಳು. ವಿಂಡೋಸ್‌ನಲ್ಲಿ ಪ್ರಾಜೆಕ್ಟಿನ ದಾರಿಯಲ್ಲಿ ಇಂಗ್ಲಿಷೇತರ ಅಕ್ಷರ ಕಂಡರೆ ಆಂಡ್ರಾಯ್ಡ್‌ನ ಕಟ್ಟುವ ಸಲಕರಣೆ ಕೆಲಸ ನಿಲ್ಲಿಸಿ, ಬೇರೆ ಜಾಗಕ್ಕೆ ಹೋಗಿ ಎನ್ನುತ್ತದೆ. ಎಚ್ಚರಿಕೆ ಮೀರಿ ಮುಂದುವರಿಯಲು ಒಂದು ಸಾಲಿನ ಉಪಾಯವಿದೆ, ಭರವಸೆಯಿಲ್ಲ. ಕನ್ನಡ ಓದಬಲ್ಲ ಆಪ್ ಮಾಡಬಹುದು, ಆದರೆ ಅದನ್ನು ಕನ್ನಡ ಹೆಸರಿನ ಫೋಲ್ಡರಿನಲ್ಲಿಟ್ಟು ಮಾಡುವಂತಿಲ್ಲ! ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿತ್ತು ಎಂಬುದನ್ನು ನೆನೆದರೆ ನನಗೆ ಇದು ನಾಚಿಕೆಗೇಡು ಅನ್ನಿಸುತ್ತದೆ. ಅವಳಿಗೆ ಅನ್ನಿಸಲಿಲ್ಲ. ಇಂಗ್ಲಿಷ್‌ನಲ್ಲಿ ಹೆಸರು ಬದಲಿಸಿ, ಡಿ ಡ್ರೈವ್‌ಗೆ ಸಾಗಿಸಿ ಮುಂದುವರಿದಳು.

ಗುಡ್ಡಗಾಡಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ, ಮಳೆ ಹಿಡಿಯುವ ಮುನ್ನ, ಪೈಥಾನ್, ಜಾವಾಗಳ ಪೂರ್ತಿ ಇನ್‌ಸ್ಟಾಲರ್‌ಗಳನ್ನು ಒಂದು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಪಿಪ್‌ನ ‘ಡೌನ್‌ಲೋಡ್’ ಆದೇಶದಿಂದ ಬೇಕಾದ ಪ್ಯಾಕೇಜುಗಳನ್ನೂ ಅದರಲ್ಲಿ ಕೂಡಿಸಿಟ್ಟು, ಇಂಟರ್ನೆಟ್ ಇಲ್ಲದೆಯೇ ಮಕ್ಕಳ ಯಂತ್ರಕ್ಕೆ ಹಾಕಬಹುದು. ಮೊದಲ ಪಾಠಕ್ಕೆ ‘ಹಲೋ ವರ್ಲ್ಡ್’ ಬದಲು ಅವರವರ ಊರಿನ ಹೆಸರನ್ನು ಕನ್ನಡದಲ್ಲಿ ಕಡತಕ್ಕೆ ಬರೆದು ಮತ್ತೆ ಓದಿಸಿ. ಕೆಡುವುದೆಲ್ಲ ಅಲ್ಲೇ, ನಿಮ್ಮ ಕಣ್ಣೆದುರೇ ಕೆಡಲಿ. ದೋಷ ಸಂದೇಶದ ಕೊನೆಯ ಸಾಲನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಅದರ ಅರ್ಥ ಹೇಳಿಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದಕ್ಕೂ ಎರಡು ಅಂಕ ಇಟ್ಟರೆ ಇನ್ನೂ ಒಳ್ಳೆಯದು.